ಕೊಳೆಯಾಗದ ಪುಸ್ತಕ

ನಮ್ಮ ಕಡೆ ಹೆಂಗಸರಿಗೆ ಹುಚ್ಚು ಹಿಡಿಯಲು ಬೇಕಾದಷ್ಟು ದಾರಿಗಳಿವೆ. ಸೀರೆಯ ಹುಚ್ಚು, ಧಾರಾವಾಹಿಯ ಹುಚ್ಚು, ಚೀಟಿ ಹಾಕುವ ಹುಚ್ಚು, ಇವನ್ನೆಲ್ಲ ಊರು ಸಹಿಸಿಕೊಳ್ಳುತ್ತದೆ. ಮಹಿಳಾ ಡೈರಿಯ ನಯನಳಿಗೆ ಹಿಡಿದಿದ್ದ ಹುಚ್ಚಿಗೆ ಮಾತ್ರ ಊರಿನವರ ಹತ್ತಿರ ಹೆಸರೇ ಇರಲಿಲ್ಲ. ‘ಅದೇನೋ ವೈರು ಸುಡ್ತಾಳೆ ಕಣಮ್ಮ’ ಎಂದು ಹೇಳಿ ಸುಮ್ಮನಾಗುತ್ತಿದ್ದರು.

ಭಾರತೀನಗರ ದಾಟಿ ಮಳವಳ್ಳಿ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದಿಷ್ಟು ದೂರ ನಡೆದರೆ ಸಿಗುವ ಊರು ಅದು. ಅಲ್ಲಿ ಹಾಲಿನ ಸಂಘ ಪೂರ್ತಿ ಹೆಂಗಸರದೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವರು ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಾರೆ. ನಯನ ಪ್ರತಿಯೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು ಫ್ಯಾಟು ನೋಡುವ ಮಿಷನ್ನಿಗೆ ಕುಡಿಸುತ್ತಾಳೆ. ಮಿಷನ್ನು ಕೆಂಪು ಅಂಕಿಯಲ್ಲಿ ತೀರ್ಪು ಕೊಡುತ್ತದೆ. ತೀರ್ಪು ಕಡಿಮೆ ಬಂದವರು ಮಿಷನ್ನನ್ನು ಬಯ್ಯುವುದಿಲ್ಲ, ನಯನಳನ್ನು ಬಯ್ಯುತ್ತಾರೆ. ಆಕೆಗೆ ಅದು ಅಭ್ಯಾಸವಾಗಿಹೋಗಿದೆ.

ಹುಚ್ಚು ಶುರುವಾದದ್ದು ಆ ಮಿಷನ್ನು ಕೆಟ್ಟ ದಿನ. ಮಂಡ್ಯದಿಂದ ರಿಪೇರಿಯವನು ಬಂದು ಮುಚ್ಚಳ ಬಿಚ್ಚಿದ. ಒಳಗೆ ಹಸಿರು ಹಲಗೆ, ಅದರ ಮೇಲೆ ಬೆಳ್ಳಿಯ ಗೆರೆಗಳು, ಕಾಳಿನಷ್ಟು ಕಾಳಿನಷ್ಟು ಸಾಮಾನುಗಳು. ಇಷ್ಟು ವರ್ಷ ತನ್ನ ಕೈಕೆಳಗೇ ಇದ್ದದ್ದು ಇದೇನಾ ಎಂದು ನಯನ ಬಾಯಿ ಬಿಟ್ಟು ನೋಡಿದಳು. ಪಿಯುಸಿಯಲ್ಲಿ ಸೈನ್ಸು ಓದಿ, ಮದುವೆಯಾಗಿ, ಅದನ್ನೆಲ್ಲ ಮರೆತಿದ್ದವಳು.

“ಸಾರ್, ಹಾಲಲ್ಲಿ ಎಷ್ಟು ಕೊಬ್ಬಿದೆ ಅಂತ ಇದಕ್ಕೆ ಗೊತ್ತಾಗೋದು ಯಾವ ಜಾಗದಲ್ಲಿ?” ಎಂದು ಕೇಳಿದಳು.

ಅವನು ತಲೆ ಎತ್ತದೆ ನಕ್ಕ. “ನಿಮಗ್ಯಾಕಮ್ಮ ಅದೆಲ್ಲ? ಬಟನ್ ಒತ್ತಿ, ಸಾಕು.”

ಆ ‘ಸಾಕು’ ಎನ್ನುವುದು ನಯನಳಿಗೆ ಸರಿಯಾಗಿ ನಾಟಿತು. ಸಾಕೋ ಬೇಕೋ ಹೇಳಲು ಇವನ್ಯಾರು ಎಂದು ಸಂಜೆಯವರೆಗೂ ಒಳಗೇ ಕುದಿದಳು.

ಮೊದಲು ಫೋನಿನಲ್ಲಿ ವಿಡಿಯೋ ನೋಡಿದಳು. ಅದರಲ್ಲಿ ಕಲಿಸುವವರಿಗೆ ಯಾವಾಗಲೂ ಅವಸರ. ಇವಳಿಗೆ ಅರ್ಥವಾಗುವಷ್ಟರಲ್ಲಿ ಅವರು ಮಿಷನ್ನು ಮಾಡಿ ಮುಗಿಸಿ ಚಪ್ಪಾಳೆ ತಟ್ಟಿಕೊಂಡಿರುತ್ತಿದ್ದರು. ಪುಸ್ತಕವಾದರೆ ಕಾಯುತ್ತದೆ, ಒಲೆಯ ಮೇಲಿನ ಸಾರು ಇಳಿಸಿ ಬರುವವರೆಗೂ ಅದೇ ಪುಟದಲ್ಲೇ ಕೂತಿರುತ್ತದೆ. ಆದರೆ ಮಂಡ್ಯದ ಅಂಗಡಿಯಲ್ಲಿ ಹೊಸ ಪುಸ್ತಕದ ಬೆಲೆ ನೋಡಿದವಳು, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಷ್ಟು ಮೆತ್ತಗೆ ಅದನ್ನು ಕಪಾಟಿನಲ್ಲಿಟ್ಟು ಹೊರಗೆ ಬಂದಳು.

ಆಮೇಲೆ ಸಿಕ್ಕಿದ್ದು ಮದ್ದೂರಿನ ಅಫ್ಸರ್ ಪಾಷಾ ಅವರ ಗುಜರಿ ಅಂಗಡಿ. ತಗಡು, ಬಾಟಲಿ, ಹಳೇ ಬ್ಯಾಟರಿಗಳ ನಡುವೆ ಅಲ್ಲಿ ಪುಸ್ತಕಗಳ ಒಂದು ಗುಡ್ಡೆ. ಸುತ್ತಲಿನ ಕಾಲೇಜಿನ ಹುಡುಗರು ಪರೀಕ್ಷೆ ಮುಗಿದ ದಿನವೇ ತಂದು ಸುರಿದು ಹೋಗುತ್ತಿದ್ದರು, ಪುಸ್ತಕ ಮನೆಯಲ್ಲಿದ್ದರೆ ಸಪ್ಲಿಮೆಂಟರಿ ಬಂದೀತು ಎನ್ನುವ ಹಾಗೆ. ಪಾಷಾ ಅವುಗಳನ್ನು ತೂಕಕ್ಕೆ ಕೊಂಡು ತೂಕಕ್ಕೇ ಮಾರುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಕನ್ನಡ ಓದಲು ಬರುತ್ತಿರಲಿಲ್ಲ. ನಯನ ಯಾವುದನ್ನು ಹುಡುಕುತ್ತಾಳೆಂದು ಎರಡು ಮೂರು ಸಲ ನೋಡಿ ತಿಳಿದುಕೊಂಡರು. “ಅಕ್ಕಾ, ವೈರ್ ಚಿತ್ರ ಇರೋದು ಬಂದೈತೆ, ಎತ್ತಿಟ್ಟಿವ್ನಿ” ಎಂದು ಫೋನು ಮಾಡುತ್ತಿದ್ದರು.

ಒಂದೆರಡು ವರ್ಷ ಗುಡ್ಡೆ ಕೆದಕಿದ ಮೇಲೆ ನಯನಳಿಗೆ ಪುಸ್ತಕ ಆರಿಸುವ ಒಂದು ವಿದ್ಯೆ ಹತ್ತಿತು. ಮೊದಲ ಸಲ ಎಲ್ಲರ ಹಾಗೆ ಅವಳೂ ಹೊಸದರಂತೆ ಹೊಳೆಯುವುದನ್ನೇ ಆರಿಸಿದ್ದಳು. ಮನೆಗೆ ತಂದು ನೋಡಿದರೆ ಪ್ರಶ್ನೆ, ಉತ್ತರ, ಇಷ್ಟು ಮಾರ್ಕು, ಅಷ್ಟೆ. ಏಕೆ ಎನ್ನುವುದು ಎಲ್ಲೂ ಇಲ್ಲ. ಇನ್ನೊಂದು ಸಲ ರಟ್ಟು ಕಿತ್ತುಹೋದ, ಸೋಲ್ಡರಿಂಗ್ ಕಡ್ಡಿ ಬಿದ್ದು ಸುಟ್ಟ ಗುರುತಿದ್ದ, ಎಣ್ಣೆ ಕೈ ಮೆತ್ತಿದ್ದ ಪುಸ್ತಕ ತಂದಳು. ಅದರಲ್ಲಿ ಯಾವನೋ ಪುಣ್ಯಾತ್ಮ ಅಂಚಿನಲ್ಲೆಲ್ಲ ಗೀಚಿದ್ದ. ‘ಇಲ್ಲಿ ಚಿತ್ರ ತಪ್ಪು.’ ‘ಈ ಸಾಮಾನು ಸಿಗಲ್ಲ, ಹಳೇ ರೇಡಿಯೋದಲ್ಲಿ ನೋಡು.’ ‘ಮಾಡಿದೆ, ಉರೀತು!’ ಆ ಪುಸ್ತಕದಿಂದಲೇ ಅವಳ ಮೊದಲ ದೀಪ ಮಿಣುಕಿದ್ದು. ಅಂದಿನಿಂದ ಅವಳು ಪುಸ್ತಕದ ಹೆಸರಾಗಲಿ ಬರೆದವರ ಡಿಗ್ರಿಯಾಗಲಿ ನೋಡುತ್ತಿರಲಿಲ್ಲ. ಎಷ್ಟು ಕೊಳೆಯಾಗಿದೆ ನೋಡುತ್ತಿದ್ದಳು. ಕೊಳೆಯಾದ ಪುಸ್ತಕವೆಂದರೆ ಯಾರೋ ಮುಂದೆ ಹೋಗಿ ಎಡವಿ, ಇಲ್ಲಿ ಕಲ್ಲಿದೆ ಎಂದು ಹೇಳಿಟ್ಟ ಪುಸ್ತಕ.

ಗಂಡ ಮಹದೇವು ಇದನ್ನೆಲ್ಲ ನೋಡಿ ನಗುತ್ತಿದ್ದ. ಕೆಟ್ಟವನಲ್ಲ. ಕಬ್ಬು, ಮುಸುಕಿನ ಜೋಳ, ಎರಡು ಹಸು, ಇಷ್ಟರಲ್ಲಿ ಅವನ ಲೋಕ ಮುಗಿಯುತ್ತಿತ್ತು. ಹೆಂಡತಿ ಮಾಡಿದ ಮಿಣುಕು ದೀಪ ಕಂಡು, “ಇದ್ರಿಂದ ಏನ್ ಉಪ್ಯೋಗ? ಸೊಳ್ಳೆ ಓಡಿಸ್ತದಾ?” ಎಂದು ಕೇಳಿದ್ದ. ಉಪಯೋಗ ಎನ್ನುವ ಮಾತು ಬಂದಾಗಲೆಲ್ಲ ಅವಳಿಗೆ ಸಂಕಟವಾಗುತ್ತಿತ್ತು. ಯಾವತ್ತಾದರೂ ಇವನ ಬಾಯಲ್ಲಿ ಭೇಷ್ ಅನ್ನಿಸಬೇಕು ಎನ್ನುವ ಆಸೆ ಅವಳೊಳಗೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಹೋದ ಬೇಸಿಗೆಯ ಆರಂಭದಲ್ಲಿ ಪಾಷಾ ಎರಡು ಪುಸ್ತಕ ಎತ್ತಿಟ್ಟಿದ್ದರು. ಒಂದು ಇಂಗ್ಲಿಷಿನದು, ಇಟ್ಟಿಗೆಯಷ್ಟು ದಪ್ಪ, ಬೆನ್ನು ಹರಿದು ಬಟ್ಟೆಯ ಪಟ್ಟಿ ಅಂಟಿಸಿದ್ದು, ಒಳಗೆಲ್ಲ ಪೆನ್ಸಿಲಿನ ಗೀಚು. ಇನ್ನೊಂದು ತೆಳ್ಳಗಿನ ಕನ್ನಡ ಪುಸ್ತಕ. ಕನ್ನಡ! ಗುಡ್ಡೆಯಲ್ಲಿ ಅವಳಿಗೆ ಸಿಕ್ಕ ಮೊದಲ ಕನ್ನಡ ಪುಸ್ತಕ ಅದು. ಮನೆಯಲ್ಲೇ ಮಾಡಬಹುದಾದ ಯಂತ್ರಗಳು, ಪುಟಕ್ಕೊಂದು ಚಿತ್ರ, ಕೆಳಗೆ ಬೇಕಾಗುವ ಸಾಮಾನು. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಅಂಗಡಿಯಿಂದ ಈಗ ತಾನೇ ತಂದ ಹಾಗೆ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ದಪ್ಪನೆಯದನ್ನು ತಕ್ಕಡಿಗಿಟ್ಟರೆ ವಾರದ ತರಕಾರಿಯ ದುಡ್ಡು ಹೋಗುತ್ತಿತ್ತು. ಜೊತೆಗೆ ಡಿಕ್ಷನರಿ ಹಿಡಿದು ಒಂದೊಂದು ಸಾಲೂ ಎಳೆಯಬೇಕು. ತೆಳ್ಳಗಿನದು ಒಂದು ಸೌತೆಕಾಯಿಯ ತೂಕವೂ ಇಲ್ಲ. ನಯನ ಎರಡನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ತನ್ನ ನಿಯಮ ತನಗೇ ನೆನಪಿತ್ತು. ಆದರೂ ತಾಯಿನುಡಿಯ ಅಕ್ಷರ ನೋಡಿ ಮನಸ್ಸು ಜಾರಿತು.

“ಇದು ಸಾಕಣ್ಣ ಈಗ. ಅದನ್ನ ಎತ್ತಿಟ್ಟಿರಿ, ಇನ್ನೊಂದ್ ಸಲ ತಗೋತೀನಿ” ಎಂದಳು.

“ಸಾಕು ಅಂದ್ರೆ ಸಾಕು” ಎಂದರು ಪಾಷಾ.

ಆ ವರ್ಷ ಹಂದಿಗಳ ಕಾಟ ಮಿತಿಮೀರಿತ್ತು. ಹತ್ತಿರದಲ್ಲಿ ಕಾಡಿಲ್ಲದ ಕಡೆ ಕಾಡುಹಂದಿ ಎಲ್ಲಿಂದ ಬಂತು ಎಂದು ಪೇಟೆಯವರು ಕೇಳುತ್ತಾರೆ. ಆಳೆತ್ತರದ ಕಬ್ಬೇ ಅವಕ್ಕೆ ಕಾಡು. ಹಗಲು ಕಬ್ಬಿನಲ್ಲಿ ಮಲಗಿ, ಕತ್ತಲಾದ ಮೇಲೆ ಜೋಳಕ್ಕೆ ನುಗ್ಗುತ್ತಿದ್ದವು. ಮಹದೇವುವಿನ ಜೋಳದಲ್ಲಿ ಒಂದು ಮೂಲೆ ನೆಲಸಮವಾಯಿತು. ಸುತ್ತಮುತ್ತ ಕೆಲವರು ಬೇಲಿಯ ತಂತಿಗೆ ನೇರವಾಗಿ ಲೈನಿನ ಕರೆಂಟೇ ಬಿಡುತ್ತಿದ್ದರು. ಅದು ಅಪರಾಧವೆಂದು ಅವರಿಗೂ ಗೊತ್ತು, ಹಾಗೆ ಸತ್ತವರ ಸುದ್ದಿ ಓದಿಯೂ ಗೊತ್ತು. ಮಹದೇವುವೂ ಅದನ್ನೇ ಮಾಡುವ ಮಾತಾಡಿದಾಗ ನಯನ ಕೈ ಹಿಡಿದು ತಡೆದಳು.

ಹಾಗಿರುವಾಗ ಒಂದು ಮಧ್ಯಾಹ್ನ ಉಂಡು ಕೂತಿದ್ದ ಮಹದೇವು ಕೈಗೆ ಸಿಕ್ಕ ತೆಳ್ಳಗಿನ ಪುಸ್ತಕ ತಿರುವಿದ. ಕನ್ನಡವಾದ್ದರಿಂದ ಅವನಿಗೂ ಓದಲು ಬಂತು. ಬೇಲಿಯ ಚಿತ್ರವಿದ್ದ ಪುಟದಲ್ಲಿ ನಿಂತ.

“ನಯ್ನಾ, ಇಲ್ ನೋಡು. ಹಂದಿ ಮುಟ್ಟುದ್ರೆ ಪಟ್ ಅಂತ ಒಡೀತದಂತೆ, ಸಾಯಲ್ವಂತೆ. ಇದ ನೀ ಮಾಡ್ಬೋದಾ?”

ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಮಾಡಿಕೊಡು ಎಂದು ಕೇಳಿದ್ದು ಮುದ್ದೆ, ಸಾರು, ಕಾಫಿ ಮಾತ್ರ. ನಯನಳಿಗೆ ಮೈ ಜುಮ್ಮೆಂದಿತು.

“ಮಾಡ್ಬೋದು ಕಣ್ರೀ” ಎಂದಳು. ಸ್ವಲ್ಪ ಯೋಚಿಸಿ ಹೇಳಬೇಕಿತ್ತು, ಯೋಚಿಸಲಿಲ್ಲ.

ಮಾಡಿದಳು. ಹಳೇ ಟಿವಿ, ಕೆಟ್ಟ ಯುಪಿಎಸ್ಸುಗಳಿಂದ ಸಾಮಾನು ಕಿತ್ತು, ಬೆರಳು ಸುಟ್ಟುಕೊಂಡು, ಡೈರಿಯ ಎರಡು ಸರದಿಗಳ ನಡುವಿನ ಮಧ್ಯಾಹ್ನಗಳನ್ನೆಲ್ಲ ಸುರಿದು ಮಾಡಿದಳು. ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಕೂತ ಯಂತ್ರ ಟಿಕ್, ಟಿಕ್ ಎಂದು ಸದ್ದು ಮಾಡಿತು. ಮಹದೇವು ಹುಲ್ಲಿನ ಕಡ್ಡಿಯಿಂದ ತಂತಿ ಮುಟ್ಟಿ ನೋಡಿ, ಹಾರಿಬಿದ್ದು, ಜೋರಾಗಿ ನಕ್ಕ. “ಭಲೇ! ಎಂಗ್ ಒಡೀತದೆ ನೋಡು!” ಎಂದ. ಪಕ್ಕದ ಹೊಲದವರನ್ನು ಕರೆದು ತೋರಿಸಿದ. ‘ನಮ್ಮನೇವ್ಳು ಮಾಡಿದ್ದು’ ಎಂದು ಅವನು ಹೇಳುವುದನ್ನು ನಯನ ಬದುವಿನ ಮೇಲೆ ನಿಂತು ಕೇಳಿಸಿಕೊಂಡಳು. ಅವತ್ತಿನ ಅವಳ ಸಂತೋಷಕ್ಕೆ ಯಾರೂ ಕಣ್ಣು ಹಾಕಬಾರದು, ಹಾಗಿತ್ತು ಅದು.

ಒಂದು ವಿಷಯ ಮಾತ್ರ ಮುಳ್ಳಿನ ಹಾಗೆ ಉಳಿಯಿತು. ಪುಸ್ತಕದ ಚಿತ್ರದಲ್ಲಿ ಯಂತ್ರದಿಂದ ಎರಡು ವೈರು ಹೊರಟು ಮನೆಯ ಗೋಡೆಯ ಪ್ಲಗ್ಗಿಗೆ ಸೇರುತ್ತಿದ್ದವು. ಒಂದರಲ್ಲಿ ಕರೆಂಟು ಬರಬೇಕು, ಇನ್ನೊಂದರಲ್ಲಿ ವಾಪಸು ಹೋಗಬೇಕು. ಹೊಲದ ಮೋಟರ್ ಮನೆಯಲ್ಲಿ ಆ ವಾಪಸು ಹೋಗುವ ವೈರೇ ಇಲ್ಲ. ಮೂರು ಫೇಸಿನಲ್ಲಿ ಓಡುವ ಮೋಟರಿಗೆ ಅದು ಬೇಕಿಲ್ಲ. ಬಲ್ಬು ಹಾಕಿಕೊಳ್ಳುವವರು ನಮ್ಮ ಕಡೆ ಏನು ಮಾಡುತ್ತಾರೆಂದರೆ, ನೆಲಕ್ಕೆ ಒಂದು ಕಬ್ಬಿಣದ ಸಲಾಕೆ ಹೊಡೆದು, ಎರಡನೇ ವೈರನ್ನು ಅದಕ್ಕೆ ಸುತ್ತುತ್ತಾರೆ. ಭೂಮಿಯೇ ವಾಪಸು ದಾರಿ. ನೆಲ ಒಣಗಿದರೆ ಬಲ್ಬು ಮಂಕಾಗುತ್ತದೆ, ಆಗ ಸಲಾಕೆಯ ಬುಡಕ್ಕೆ ಒಂದು ಬಿಂದಿಗೆ ನೀರು ಹುಯ್ಯುತ್ತಾರೆ. ಗಿಡಕ್ಕೆ ನೀರು ಹಾಕುವ ಹಾಗೆ ಅದೂ ಒಂದು ನಿತ್ಯದ ಕೆಲಸ. ಮಹದೇವು ಹೆಂಡತಿಯ ಯಂತ್ರವನ್ನೂ ಹಾಗೆಯೇ ಕಟ್ಟಿದ್ದ.

“ಅಲ್ಲಾ ರೀ, ಇದಕ್ಕೆ ಹಿಂಗ್ ಕಟ್ಬೋದಾ?” ಎಂದು ನಯನ ಕೇಳಿದ್ದಳು.

“ಎಲ್ರೂ ಇಂಗೇ ಕಟ್ಟೋದು. ಬಲ್ಬು ಉರೀತಿಲ್ವಾ? ನಿನ್ ಮಿಷನ್ನೂ ಟಿಕ್ ಟಿಕ್ ಅಂತಿಲ್ವಾ? ಇನ್ನೇನ್ ಬೇಕು?”

ನಯನ ತೆಳ್ಳಗಿನ ಪುಸ್ತಕವನ್ನು ಆ ಕೊನೆಯಿಂದ ಈ ಕೊನೆಯವರೆಗೆ ಹುಡುಕಿದಳು. ಸಲಾಕೆಯ ಮಾತೇ ಇಲ್ಲ. ಅಂಚಿನಲ್ಲಿ ಯಾರಾದರೂ ಏನಾದರೂ ಗೀಚಿದ್ದಾರೆಯೇ ಎಂದು ನೋಡಿದಳು, ಬಿಳಿಯ ಅಂಚು ಬಿಳಿಯದಾಗಿಯೇ ಇತ್ತು. ದಪ್ಪ ಪುಸ್ತಕದಲ್ಲಿ ಇದ್ದೀತು, ಹೋಗಿ ತರಬೇಕು ಎಂದುಕೊಂಡಳು. ಅಷ್ಟರಲ್ಲಿ ಡೈರಿಯ ಆಡಿಟ್ಟು ಬಂತು, ನಾದಿನಿಯ ಮನೆಯ ಗೃಹಪ್ರವೇಶ ಬಂತು. ರಾತ್ರಿ ಮಾತ್ರ ಹಾಕಿ, ದಿನಾ ಸಲಾಕೆಗೆ ನೀರು ಹುಯ್ಯಿರಿ ಎಂದು ಗಂಡನಿಗೆ ಹೇಳಿದಳು. ಅವನು ಹೂಂ ಎಂದ.

ಅವನ ಹೂಂ ಎಷ್ಟರದು ಎಂದು ಅವಳಿಗೆ ಗೊತ್ತಿರಬೇಕಿತ್ತು. ಹೊಲದ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ, ಅದರಲ್ಲೂ ಬಂದಾಗ ಬಂತು. ಬಂದ ಕರೆಂಟು ತಪ್ಪಿಹೋಗಬಾರದೆಂದು ನಮ್ಮ ರೈತರು ಮೋಟರಿನ ಸ್ವಿಚ್ಚು ಆರಿಸುವುದೇ ಇಲ್ಲ. ಆನ್ ಮಾಡಿಟ್ಟು ಮನೆಗೆ ಬರುತ್ತಾರೆ, ಕರೆಂಟು ಬಂದಾಗ ಅದೇ ಓಡಿಕೊಳ್ಳಲಿ ಎಂದು. ನಯನಳ ಯಂತ್ರಕ್ಕೂ ಆ ಗತಿಯೇ ಬಂತು. ರಾತ್ರಿ ಹಾಕಿದ ಸ್ವಿಚ್ಚು ಹಗಲೂ ಹಾಗೇ ಉಳಿಯುತ್ತಿತ್ತು.

ಏಪ್ರಿಲ್ಲಿನ ಒಂದು ದಿನ ನಯನ ಬೆಳಗಿನ ಹಾಲು ಮುಗಿಸಿ ಮದ್ದೂರಿಗೆ ಹೋದಳು. ದಪ್ಪ ಪುಸ್ತಕ ಇನ್ನೂ ಇತ್ತು. ಪಾಷಾ ಅದನ್ನು ಚೀಲದಲ್ಲಿ ಸುತ್ತಿ ಬ್ಯಾಟರಿಗಳ ಹಿಂದೆ ಬಚ್ಚಿಟ್ಟಿದ್ದರು. ಅವಳು ಅಲ್ಲೇ ತಗಡಿನ ಡಬ್ಬವೊಂದರ ಮೇಲೆ ಕೂತು ಹುಡುಕಿದಳು. ಭೂಮಿಗೆ ಸಲಾಕೆ ಹೊಡೆಯುವ ಅಧ್ಯಾಯ ಸಿಕ್ಕಿತು. ಇಂಗ್ಲಿಷು ಗಡುಸಾಗಿತ್ತು. ಆದರೆ ಚಿತ್ರದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ ಕನ್ನಡದಲ್ಲಿ ಬರೆದಿದ್ದರು:

‘ನಮ್ಮೂರ ಮೋಟರ್ ಮನೆಗಳಲ್ಲಿ ಎಲ್ಲಾ ಹಿಂಗೇ ಕಟ್ಟಿರೋದು. ನೆಲ ಒಣಗಿದರೆ ಕರೆಂಟಿಗೆ ವಾಪಸ್ ದಾರಿ ಇಲ್ಲ. ಆಗ ಡಬ್ಬ, ತಂತಿ ಎಲ್ಲದರಲ್ಲೂ ಲೈನ್ ಕರೆಂಟು ನಿಂತಿರುತ್ತೆ. ಮುಟ್ಟಿದವರ ಮೈಯೇ ಅದಕ್ಕೆ ದಾರಿ. ನಮ್ಮ ಚಿಕ್ಕಪ್ಪ ಹಿಂಗೇ ಹೋಗಿದ್ದು.’

ನಯನ ಎರಡನೇ ಸಲ ಓದಲಿಲ್ಲ. ಬೇಕಾಗಲಿಲ್ಲ. ಹಂದಿಯನ್ನು ಬೆದರಿಸಲು ಮಾಡಿದ ತನ್ನ ಯಂತ್ರ, ನೀರು ಕಾಣದ ಸಲಾಕೆ, ಏಪ್ರಿಲ್ಲಿನ ಬಿಸಿಲು, ಆನ್ ಇರುವ ಸ್ವಿಚ್ಚು. ಈ ವಾರ ಹಗಲು ಕರೆಂಟು. ಮತ್ತೆ ಆ ಬದುವಿನ ಮೇಲೆ ಪ್ರತಿ ಮಧ್ಯಾಹ್ನ ಹಸುವಿಗೆ ಹುಲ್ಲು ಕುಯ್ಯುವವಳು ಪಕ್ಕದ ಮನೆಯ ಮುದುಕಿ, ಚಿಕ್ಕಬೋರಮ್ಮ.

ಫೋನು ಮಾಡಿದಳು. ಮಹದೇವು ಭಾರತೀನಗರದ ಫ್ಯಾಕ್ಟರಿಯ ಹತ್ತಿರ ಕಬ್ಬಿನ ಗಾಡಿಯ ಸಾಲಿನಲ್ಲಿದ್ದ.

“ಬೆಳಿಗ್ಗೆ ಸಲಾಕೆಗೆ ನೀರ್ ಹುಯ್ದ್ರಾ?”

“ಇಲ್ಲ ಕಣೆ, ಗಾಡಿ ಲೋಡ್ ಮಾಡೋದ್ರಲ್ಲಿ ಆಗ್ನಿಲ್ಲ. ಮೂರ್ನಾಕ್ ದಿವ್ಸ ಆಯ್ತು.”

“ಸ್ವಿಚ್ಚು?”

“ಅದ್ ಇದ್ದಂಗೇ ಐತೆ. ಯಾಕೆ?”

“ಯಾರಿಗಾದ್ರೂ ಫೋನ್ ಮಾಡಿ ಆರ್ಸಕ್ ಹೇಳ್ರೀ! ಆ ತಂತಿ ಮುಟ್ಟುದ್ರೆ ಸಾಯ್ತಾರೆ!”

“ಏನಾಗಲ್ಲ ಬುಡು, ಬುಕ್ಕಲ್ಲಿ ಏನೇನೋ ಬರ್ದಿರ್ತಾರೆ…”

ಅವಳು ಓಡಿದಳು. ಪುಸ್ತಕ ಅಲ್ಲೇ ನೆಲಕ್ಕೆ ಬಿತ್ತು. ಪಾಷಾ ಹಿಂದಿನಿಂದ ಕೂಗಿದ್ದು ಕೇಳಿಸಲಿಲ್ಲ.

ಮಳವಳ್ಳಿ ಬಸ್ಸು ಸಿಕ್ಕಿತು. ಆದರೆ ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯನ್ನೇ ನುಂಗಿಕೊಂಡು ನಿಂತಿದ್ದವು. ಬಸ್ಸು ಒಂದು ಮಾರು ಹೋಗುವುದು, ನಿಲ್ಲುವುದು. ಆ ಸಾಲಿನಲ್ಲೇ ಎಲ್ಲೋ ತನ್ನ ಗಂಡನ ಗಾಡಿಯೂ ಇದೆ ಎಂದು ನೆನೆದು ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಚಿಕ್ಕಬೋರಮ್ಮನ ಹತ್ತಿರ ಫೋನಿಲ್ಲ. ಡೈರಿಯ ಪಕ್ಕದ ಅಂಗಡಿಗೆ ಮಾಡಿದರೆ ಯಾರೂ ಎತ್ತುತ್ತಿಲ್ಲ. ದೇವರೇ, ಇವತ್ತು ಅವಳು ಮೈ ಸರಿಯಿಲ್ಲದೆ ಮಲಗಿರಲಿ, ಹಸುವಿಗೆ ಹಸಿವಿಲ್ಲದಿರಲಿ, ಎಂದು ನಯನ ಬೇಡಿಕೊಂಡಳು. ಪಕ್ಕದಲ್ಲಿ ಕೂತವರು ನೀರು ಬೇಕಾ ಕೂಸೇ ಎಂದು ಕೇಳಿದರು.

ಬಸ್ಸಿಳಿದು ಹೊಲದವರೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಮೋಟರ್ ಮನೆಗೆ ನುಗ್ಗಿ ಮೊದಲು ಫ್ಯೂಸು ಕಿತ್ತಳು. ಡಬ್ಬದಲ್ಲಿ ಟಿಕ್ ಟಿಕ್ ಸದ್ದಿರಲಿಲ್ಲ, ಆಗಲೇ ಕರೆಂಟು ಹೋಗಿತ್ತು. ಸಲಾಕೆಯ ಸುತ್ತ ನೆಲ ಬಿರುಕು ಬಿಟ್ಟಿತ್ತು. ಹೊರಗೆ ಬಂದು ಬದುವಿನ ಮೇಲೆ ನೋಡಿದಳು. ತಂತಿಯ ಕೆಳಗೆ ಅರ್ಧ ಕುಯ್ದ ಹುಲ್ಲು ಚೆಲ್ಲಿತ್ತು, ಕುಡುಗೋಲು ಬಿದ್ದಿತ್ತು, ಹೊರೆ ಹೊರಲು ತಲೆಗೆ ಸಿಂಬಿ ಸುತ್ತಿದ ಬಟ್ಟೆ ಬಿದ್ದಿತ್ತು. ಮನುಷ್ಯರು ಯಾರೂ ಇರಲಿಲ್ಲ.

“ದೊಡ್ಡವ್ವಾ!” ಎಂದು ಕೂಗಿದಳು. ಕಬ್ಬಿನೊಳಗೆ ಹುಡುಕಿದಳು, ಕಾಲುವೆಯಲ್ಲಿ ಹುಡುಕಿದಳು. ಚಿಕ್ಕಬೋರಮ್ಮನ ಮನೆಗೆ ಓಡಿದರೆ ಬಾಗಿಲಿಗೆ ಚಿಲಕ, ಕೊಟ್ಟಿಗೆಯಲ್ಲಿ ಹಸು ಮಾತ್ರ. ಆಸ್ಪತ್ರೆಗೆ ಎತ್ತಿಕೊಂಡು ಹೋದರೋ, ಅಥವಾ ಆ ಇನ್ನೊಂದೋ. ಡೈರಿಯ ಕಡೆ ತಿರುಗಿದಳು. ಸಂಜೆಯ ಹಾಲಿನ ಹೊತ್ತಾಗಿತ್ತು, ಅಲ್ಲಿ ನಾಲ್ಕು ಜನರಾದರೂ ಇರುತ್ತಾರೆ.

ಹೆಂಗಸರು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಚಿಕ್ಕಬೋರಮ್ಮ ನಿಂತಿದ್ದಳು.

ಕ್ಯಾನು ಎಡಗೈಯಲ್ಲಿತ್ತು. ಬಲಗೈ ಸೆರಗಿನೊಳಗಿತ್ತು. ಮುಖ ಬೂದಿ ಬಣ್ಣವಾಗಿತ್ತು. ನಯನ ಹತ್ತಿರ ಹೋಗಿ ಸೆರಗು ಸರಿಸಿದಳು. ಹಳೇ ಬಟ್ಟೆ ಸುತ್ತಿದ ಅಂಗೈಯಿಂದ ಸುಟ್ಟ ವಾಸನೆ ಬಂತು.

ಮುದುಕಿ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. “ಸುಮ್ಕಿರು ಮಗ. ನಿನ್ ತಂತಿ ಇಡ್ಕೊಂಬುಡ್ತು, ಬುಡ್ನೇ ಇಲ್ಲ. ಪುಣ್ಯಕ್ಕೆ ಕರೆಂಟು ಓಯ್ತು. ದಿನಾ ಕರೆಂಟ್ನೋರ್ನ ಬಯ್ತಿದ್ದೆ, ಇವತ್ತು ಅದೇ ಉಳಿಸ್ತು ಕಣವ್ವ.”

“ದೊಡ್ಡವ್ವಾ, ಆಸ್ಪತ್ರೆಗೆ…”

“ಓಗನ, ಹಾಲ್ ಅಳ್ದ್ ಮೇಲೆ. ಒಂದ್ ಕೈಲಿ ಕರ್ಯೋದ್ರಲ್ಲಿ ಅರ್ಧ ಹಾಲು ಕೆಚ್ಚಲಲ್ಲೇ ಉಳ್ಕತು.” ಇನ್ನೂ ಹತ್ತಿರ ಬಂದಳು. “ನಿನ್ ಗಂಡಂಗೆ ಏಳ್ಬೇಡ. ಒಲೆ ಬೆಂಕಿ ತಗುಲ್ತು ಅಂತೀನಿ ನಾನು. ಅವ್ನಿಗ್ ಗೊತ್ತಾದ್ರೆ ನಿನ್ ಬುಕ್ಕೆಲ್ಲ ಒಲೆಗಾಕ್ತಾನೆ. ಪಾಪ, ಆಸೆಯಿಂದ ಓದ್ಕತೀಯ.”

ನಯನ ಜೀವಮಾನದಲ್ಲಿ ಅಷ್ಟು ಕೆಟ್ಟ ಗಳಿಗೆ ಕಂಡಿರಲಿಲ್ಲ. ಬೈದಿದ್ದರೆ, ಶಾಪ ಹಾಕಿದ್ದರೆ, ತಡೆದುಕೊಳ್ಳುತ್ತಿದ್ದಳು. ಸುಟ್ಟ ಕೈ ಮುಚ್ಚಿಕೊಂಡು ನನ್ನ ಪುಸ್ತಕಗಳನ್ನು ಕಾಯಲು ನಿಂತಿದ್ದಾಳಲ್ಲ ಈ ಮುದುಕಿ! ಹೂಂ ಅಂದುಬಿಟ್ಟರೆ ಪುಸ್ತಕಗಳು ಉಳಿಯುತ್ತವೆ. ತಂತಿಯೂ ಉಳಿಯುತ್ತದೆ. ನಾಳೆ ಕರೆಂಟು ಬರುತ್ತದೆ, ಏನಾಗಲ್ಲ ಬುಡು ಎನ್ನುವವನು ಫ್ಯೂಸು ಮತ್ತೆ ಹಾಕುತ್ತಾನೆ.

ಅವಳು ಸಾಲಿನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು. “ದೊಡ್ಡವ್ವನ ಕೈ ಸುಟ್ಟಿರೋದು ನಮ್ಮ ಬೇಲಿ ತಂತಿಯಿಂದ. ಅದಕ್ಕೆ ಮಿಷನ್ನು ಮಾಡಿದೋಳು ನಾನು. ತಿಳಿಯದೆ ಮಾಡಿದೆ. ನಿಮ್ಮ ಗಂಡಂದಿರು ಯಾರ್ಯಾರು ಬೇಲಿಗೆ ಕರೆಂಟ್ ಬಿಟ್ಟವ್ರೋ, ಈಗ್ಲೇ ಹೋಗಿ ಕೀಳ್ಸಿ.” ಅಂದು ಸಂಜೆ ಹಾಲು ಅಳೆದವಳು ಸಂಘದ ಅಧ್ಯಕ್ಷೆ ಬೆಳ್ಳಮ್ಮ. ನಯನ ಚಿಕ್ಕಬೋರಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟಳು.

ಮಂಡ್ಯದ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಜೀವಕ್ಕೇನೂ ಆಗಲಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಒಳಕ್ಕೆ ಮಡಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ. ಹಾಲು ಕರೆಯಲು ಬೇಕಾದ ಬೆರಳುಗಳೇ ಅವು. ಅಂದಿನಿಂದ ಡೈರಿ ತೆರೆಯುವ ಮುಂಚೆ ಎರಡು ಹೊತ್ತೂ ಆಕೆಯ ಹಸು ಕರೆಯುವವಳು ನಯನ.

ಮಹದೇವು ತಂತಿಯನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿದ. ಡಬ್ಬವನ್ನು ಕಲ್ಲಿನಿಂದ ಜಜ್ಜಿದ. ಉಳಿದ ಜೋಳವನ್ನು ಹಂದಿಗಳು ನಿಧಾನವಾಗಿ ತಿಂದು ಮುಗಿಸಿದವು. ಹೆಂಡತಿಗೆ ಒಂದು ಮಾತೂ ಬಯ್ಯಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾಯಿತು. ಒಂದು ಬೆಳಿಗ್ಗೆ ಗೋಣಿಚೀಲ ತಂದು ಅವಳ ಮುಂದೆ ಹಾಕಿದ.

“ಈ ಮನೇಲಿ ಇವು ಬ್ಯಾಡ ನಯ್ನಾ. ಓಗಿ ಕೊಟ್ಬುಟ್ಟು ಬರನ.”

ಅವಳು ಪುಸ್ತಕಗಳನ್ನೆಲ್ಲ ಕೆಳಗಿಳಿಸಿದಳು. ಒಂದೊಂದೇ ತುಂಬಿದಳು. ಉರೀತು ಎಂದು ಯಾರೋ ಬರೆದ ಪುಸ್ತಕ ತುಂಬುವಾಗ ಕಣ್ಣು ತುಂಬಿ ಬಂತು, ಒರೆಸಿಕೊಂಡಳು. ತೆಳ್ಳಗಿನದನ್ನು ಮಾತ್ರ ತೆಗೆದಿಟ್ಟು, ಬೇಲಿಯ ಪುಟ ಬಿಡಿಸಿ, ಡೈರಿಯ ನೀಲಿ ಪೆನ್ನಿನಲ್ಲಿ ಬಿಳಿಯ ಅಂಚಿನ ತುಂಬ ಬರೆದಳು. ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬರೆದು ಅದನ್ನೂ ಚೀಲದ ಮೇಲ್ಗಡೆ ಹಾಕಿದಳು.

ಮದ್ದೂರಿನಲ್ಲಿ ಪಾಷಾ ಚೀಲ ನೋಡಿ ತಕ್ಕಡಿ ಎಳೆದುಕೊಂಡರು. ಅವರಿಗೆ ಸುದ್ದಿ ತಲುಪಿತ್ತು. ಒಂದೊಂದೇ ತೆಗೆದು ತಕ್ಕಡಿಗಿಡುತ್ತಾ ತೆಳ್ಳಗಿನ ಪುಸ್ತಕ ಬಿಡಿಸಿದರು.

“ಹೊಸಾದ್ ಥರ ಇತ್ತು ಅಕ್ಕಾ. ಹಿಂಗ್ ಗೀಚಿ ಕೊಳೆ ಮಾಡ್ಬುಟ್ರಲ್ಲ?”

“ಈಗ ಅದನ್ನ ಯಾರ್ ಬೇಕಾದ್ರೂ ತಗೋಬೋದಣ್ಣ” ಎಂದಳು ನಯನ.

ಪಾಷಾ ಎದ್ದು ಹೋಗಿ ಬ್ಯಾಟರಿಗಳ ಹಿಂದಿನಿಂದ ಬಟ್ಟೆಪಟ್ಟಿಯ ಬೆನ್ನಿನ ದಪ್ಪ ಪುಸ್ತಕ ತಂದರು. “ಅವತ್ತು ಬೀಳ್ಸಿ ಓಡ್ಬುಟ್ರಿ. ನೀವ್ ಓದ್ತಿದ್ದ ಪುಟಕ್ಕೆ ಕಾಗ್ದ ಇಟ್ಟಿವ್ನಿ” ಎಂದು, ಅವಳು ಕೈ ಚಾಚದಿರುವುದನ್ನು ಕಂಡು, ಮಹದೇವುವಿನ ಕೈಗೆ ಕೊಟ್ಟರು.

ಮಹದೇವು ಕಾಗದವಿದ್ದ ಪುಟ ಬಿಡಿಸಿದ. ಇಂಗ್ಲಿಷನ್ನು ದಾಟಿ ಅವನ ಕಣ್ಣು ಪೆನ್ಸಿಲಿನ ಕನ್ನಡದ ಮೇಲೆ ನಿಂತಿತು. ತುಟಿ ಅಲುಗಿಸುತ್ತಾ ನಿಧಾನವಾಗಿ ಓದಿದ. ಚಿಕ್ಕಪ್ಪನ ಸಾಲಿಗೆ ಬಂದಾಗ ತುಟಿ ನಿಂತುಹೋಯಿತು. ಪುಸ್ತಕ ಮುಚ್ಚಿ, ಅಂಗಡಿಯ ಹೊರಗೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ನಿಂತ.

“ನೀನ್ ಆವತ್ತೇ ಕೇಳ್ದೆ, ಇಂಗ್ ಕಟ್ಬೋದಾ ಅಂತ” ಎಂದ ಆಮೇಲೆ, ತಿರುಗದೆಯೇ. “ಎಲ್ರೂ ಇಂಗೇ ಕಟ್ಟೋದು ಅಂದ್ಬುಟ್ಟೆ ನಾನು.”

ಹೇಳಿ ಹಗುರ ಮಾಡುವಂಥದ್ದಲ್ಲ ಅದು, ಇಬ್ಬರಿಗೂ ಗೊತ್ತಿತ್ತು.

ಪಾಷಾ ಚೀಲದ ತೂಕದ ದುಡ್ಡು ಎಣಿಸಿ ಕೊಟ್ಟರು. ಮಹದೇವು ಅದನ್ನು ತೆಗೆದುಕೊಳ್ಳಲಿಲ್ಲ. “ಇದ್ಕೇ ಇಟ್ಕಳಿ” ಎಂದು, ದಪ್ಪ ಪುಸ್ತಕವನ್ನು ಸ್ಕೂಟರಿನ ಮುಂದೆ ಕಾಲಿನ ಜಾಗದಲ್ಲಿಟ್ಟು, ಬೀಳದಂತೆ ಚಪ್ಪಲಿಯಿಂದ ಒತ್ತಲು ಹೋಗಿ, ನಾಲಿಗೆ ಕಚ್ಚಿಕೊಂಡು, ಎತ್ತಿ ಹೆಂಡತಿಗೆ ಕೊಟ್ಟ. ನಯನ ಅದನ್ನು ಎರಡೂ ಕೈಯಿಂದ ಹಿಡಿದು ಹಿಂದೆ ಕೂತಳು.

“ಬಿರ್ರನೆ ನಡೀರಿ” ಎಂದಳು. ಚಿಕ್ಕಬೋರಮ್ಮನ ಹಸು ಕರೆಯುವ ಹೊತ್ತಾಗುತ್ತಿತ್ತು.